ಕೆಂಟನ್ ಸ್ವಲ್ಪಾಸ್ ಸೋತ ಭಾನುವಾರಗಳು

ಪ್ರತಿ ಭಾನುವಾರ ನಾವು ಸೋಲುತ್ತೇವೆ. ಅದೇನೂ ದೊಡ್ಡ ಸಂಗತಿಯಲ್ಲ, ಲಂಡನ್ನಿನಲ್ಲಿ ಸೋಲುವವರಿಗೆ ಬರಗಾಲವಿಲ್ಲ. ಆದರೆ ಸುಮ್ಮನೆ ಸೋತು, ಒದ್ದೆ ಸಾಕ್ಸು ಕಳಚಿ, ಮನೆಗೆ ಹೋಗಿ ಮಲಗುವ ಯೋಗ ನಮ್ಮ ತಂಡದ ಹಣೆಯಲ್ಲಿ ಬರೆದಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಸೋಮವಾರ ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ, ನಾನು ಕೆಲಸ ಮಾಡುವ ಜಾಗದಲ್ಲಿ, ನನ್ನನ್ನು ಯಾರೂ ಸ್ಕೋರ್ ಕೇಳುವುದಿಲ್ಲ. "ಈ ಸಲ ಏನಾಯ್ತು?" ಅಂತಲೇ ಕೇಳುತ್ತಾರೆ. ನಾನು ಹೇಳುತ್ತೇನೆ, ಅವರು ನಗುತ್ತಾರೆ.

ಆಟ ಬದಲಾದದ್ದು

ನಾವು ಮೂಲತಃ ಕ್ರಿಕೆಟ್‌ನವರು. ಲಂಡನ್ನಿನ ಕೆಂಟನ್, ಕ್ವೀನ್ಸ್‌ಬರಿ ಸುತ್ತಮುತ್ತ ನೆಲೆಸಿದ ಧಾರವಾಡ, ಬೆಳಗಾವಿ, ಕಲಬುರಗಿಯವರು, ಜೊತೆಗೆ ಕೆಲವು ಬೆಂಗಳೂರಿನ ಐಟಿ ಹುಡುಗರು. ನಾನು ವಿಜಯಪುರದವನು. ತಂಡ ಕಟ್ಟಿದವರು ಧಾರವಾಡದ ಒಬ್ಬ ಹಿರಿಯರು, ನಮ್ಮ ಫ್ಯಾಕ್ಟರಿಯಲ್ಲೇ ಒಲೆಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಎಲ್ಲರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು.

ಕೆಲವು ವರ್ಷಗಳ ಹಿಂದೆ ಒಂದು ವಸಂತದಲ್ಲಿ ನಮ್ಮ ಮೈದಾನ ನೀರು ಕುಡಿದು ಕುಡಿದು ಜವುಗಾಯಿತು. ಪಿಚ್ ಮುಚ್ಚಿದ್ದೇವೆ ಅಂತ ಬೋರ್ಡು ಬಿತ್ತು. ಅದೇ ಪಾರ್ಕಿನ ಎತ್ತರದ ಮೂಲೆಯಲ್ಲಿ ಬೇಸ್‌ಬಾಲ್ ಆಡುವವರಿದ್ದರು. ಅವರ ಲೀಗಿನ ಕಟ್ಟಕಡೆಯ ಡಿವಿಷನ್ನಿಗೆ ಒಂದು ತಂಡ ಕಡಿಮೆ ಬಿದ್ದಿತ್ತು. ಕಾಕಾ ಹೋಗಿ ಮಾತಾಡಿಕೊಂಡು ಬಂದರು.

"ಬ್ಯಾಟ್ ಐತಿ, ಬಾಲ್ ಐತಿ, ಓಡೂದೈತಿ. ಇನ್ನೇನು ಬೇಕಲೇ ನಿಮಗ?"

ಬೇಕಾದದ್ದು ಬಹಳ ಇತ್ತು ಅಂತ ಮೊದಲ ಪಂದ್ಯದಲ್ಲೇ ಗೊತ್ತಾಯಿತು. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಕಿ, ಮೊದಲ ಬೇಸಿಗೆ, ಅಂದರೆ ನೆಲದ ಮೇಲಿಟ್ಟ ಚೌಕ ದಿಂಬಿಗೆ ಓಡಿ, ಚೆಂಡು ಅಲ್ಲಿಗೆ ಬರುವ ಮುಂಚೆ ಅದನ್ನು ಕಾಲಿನಿಂದ ಮೆಟ್ಟಬೇಕು. ನಮ್ಮ ಬೆಳಗಾವಿಯವನು ಚೆಂಡನ್ನು ಚೆನ್ನಾಗಿಯೇ ಹೊಡೆದ. ಹೊಡೆದು, ಬ್ಯಾಟನ್ನು ಎದೆಗವಚಿಕೊಂಡು ಓಡಿದ. ಬೇಸಿನ ಹತ್ತಿರ ಹೋಗಿ, ಬ್ಯಾಟನ್ನು ಉದ್ದಕ್ಕೆ ಚಾಚಿ ನೆಲಕ್ಕೆ ಮುಟ್ಟಿಸಿ, ರನ್ ಆಯಿತೆಂದು ತಿರುಗಿ ವಾಪಸ್ ಓಡಿ ಬಂದ. ಬ್ಯಾಟ್ ಮಾಡುವ ಜಾಗದ ಹಿಂದೆ ಕ್ಯಾಚರ್, ಅಂದರೆ ಅವರ ವಿಕೆಟ್ ಕೀಪರ್, ಕೂತಿದ್ದ. ಬ್ಯಾಟ್ ಹಿಡಿದು ತನ್ನತ್ತಲೇ ಓಡಿ ಬರುವ ಮೀಸೆಯ ಮನುಷ್ಯನನ್ನು ನೋಡಿ, ಆ ಪಾಪದವನು ಎದ್ದು ಕಾರ್ ಪಾರ್ಕಿನ ತನಕ ಓಡಿಹೋದ.

ಹೆಸರಿಲ್ಲದವರು

ಲೀಗಿನ ಅಂಪೈರ್ ಒಬ್ಬ ಮುದಿ ಅಮೆರಿಕನ್, ಇಲ್ಲೇ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದವನು. ಎಲ್ಲಾ ತಂಡಗಳಿಗೂ ಅಡ್ಡಹೆಸರು ಇರಬೇಕು ಅಂತ ಅವನ ಪಟ್ಟು. ಪೆರಿವೇಲ್‌ನ ಪ್ಲಂಬರ್‌ಗಳ ತಂಡ ಲೀಕಿಂಗ್ ಟ್ಯಾಪ್ಸ್, ಅಂದರೆ ಸೋರುವ ನಲ್ಲಿಗಳು. ನೀಸ್ಡನ್‌ನ ಬಸ್ ಡ್ರೈವರ್‌ಗಳು ನೈಟ್ ಬಸ್ಸಸ್. ಪಿನ್ನರ್‌ನ ವಯಸ್ಸಾದವರ ತಂಡ ಬ್ಯಾಡ್ ನೀಸ್, ಕೆಟ್ಟ ಮಂಡಿಗಳು. ಎದೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆಸಿಕೊಂಡು ತಿರುಗುತ್ತಿದ್ದರು, ನಾಚಿಕೆ ಇಲ್ಲದೆ.

"ನಿಮ್ಮದೇನು?" ಅಂತ ಅಂಪೈರ್ ಕೇಳಿದ. ನಾವು ಮಳೆಯಲ್ಲಿ ಮರದಡಿ ನಿಂತು ಸಭೆ ಸೇರಿದೆವು. ನಾನು ಚಾಲುಕ್ಯಾಸ್ ಅಂದೆ. ಬೆಂಗಳೂರಿನ ಹುಡುಗ, ಚೆಂಡೆಸೆಯುವ ನಮ್ಮ ಪಿಚರ್, "ಹೊಯ್ಸಳಾಸ್ ಅಂದ್ರೆ ಲೋಗೋ ಚೆನ್ನಾಗಿ ಬರುತ್ತೆ ಸರ್" ಅಂದ. ಕಲಬುರಗಿಯವನು ರಾಷ್ಟ್ರಕೂಟರನ್ನು ಎಬ್ಬಿಸಿದ. ರಾಜರ ಜಗಳ ಬೇಡ, ತಿಂಡಿಯ ಹೆಸರಿಡೋಣ ಅಂತ ಯಾರೋ ರಾಜಿಗೆ ಬಂದರು. ಅದು ಇನ್ನೂ ಕೆಟ್ಟಿತು. ಧಾರವಾಡದವರು ಪೇಡಾ ಅಂದರು, ಬೆಳಗಾವಿಯವನು ಕುಂದಾ ಅಂದ. ರಾಜರ ವಿಷಯದಲ್ಲಿ ಬರೀ ಮಾತು ಬೆಳೆದಿತ್ತು, ಪೇಡಾ ಕುಂದಾದ ವಿಷಯದಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು.

ಅಂಪೈರ್ ಬಂದು ಬಿಡಿಸಿದ. "ತಂಡ ತನ್ನ ಹೆಸರು ತಾನೇ ಇಟ್ಟುಕೊಳ್ಳುವುದಲ್ಲ," ಅಂದ. ಹಿಂದೆ ಅವನ ದೇಶದ ಸಣ್ಣ ಸಣ್ಣ ಊರುಗಳಲ್ಲಿ ಕೆಳಗಿನ ಲೀಗಿನ ತಂಡಗಳಿಗೆ ಎದುರಾಳಿಗಳು, ಪೇಪರಿನವರು, ಬೇಲಿಯ ಮೇಲೆ ಕೂತ ಪೋಲಿಗಳು ಚುಡಾಯಿಸಲು ಹೆಸರಿಡುತ್ತಿದ್ದರಂತೆ. ಕೆಸರಿನ ಕೋಳಿ, ಮರಳಿನ ಏಡಿ, ಅನಾಥರು, ಸೋಪು ಬೇಯಿಸುವವರು. ಆ ಊರಿನವರು ಮೊದಲು ಸಿಟ್ಟಾಗಿ, ಆಮೇಲೆ ಅದನ್ನೇ ಅಂಗಿಗೆ ಹೊಲಿಸಿಕೊಳ್ಳುತ್ತಿದ್ದರಂತೆ. "ಕಾಯಿರಿ. ನಿಮಗೂ ಯಾರಾದರೂ ಇಡುತ್ತಾರೆ."

ಕಾಕಾಗೆ ಇದು ಬಹಳ ಸೇರಿತು. "ಖರೆ ಐತಿ. ಕೂಸು ತನ್ನ ಹೆಸರು ತಾನ ಇಟ್ಕೊಂತೈತೇನು?"

ಹಾಗಾಗಿ ಮೊದಲ ಒಂದೆರಡು ವಾರ ಲೀಗಿನ ಬೋರ್ಡಿನಲ್ಲಿ ನಮ್ಮ ಜಾಗ ಖಾಲಿಯೇ ಇತ್ತು. ಕೆಳಗೆ ಸೋಲುಗಳ ಸಂಖ್ಯೆ ಮಾತ್ರ ಇತ್ತು. ಹೆಸರಿಲ್ಲದಿದ್ದರೂ ಅದು ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಖಾಲಿ ತಟ್ಟೆ

ಹೆಸರು ಬಂದದ್ದು ಕಾಕುವಿನಿಂದ.

ಎದುರು ತಂಡದವರು ನಮ್ಮ ಮೈದಾನಕ್ಕೆ ಬರುತ್ತಾರೆ ಅಂದರೆ ಕಾಕುವಿನ ಲೆಕ್ಕದಲ್ಲಿ ಅವರು ಬೀಗರು. "ಹಸಿದ ಹೊಟ್ಟಿಲೆ ಯಾರರ ಆಡ್ತಾರೇನು?" ಅಂತ ಪಂದ್ಯಕ್ಕೆ ಮುಂಚೆಯೇ ಊಟಕ್ಕಿಟ್ಟುಬಿಟ್ಟರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಬಂದವರು ಪೆರಿವೇಲ್ ಪ್ಲಂಬರ್‌ಗಳು. ಅವರ ಕ್ಯಾಪ್ಟನ್ ಬಾಗಿಲಷ್ಟು ಅಗಲದ ಮನುಷ್ಯ, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಹಾಕಿದ್ದನ್ನೆಲ್ಲ ತಿಂದು ತಟ್ಟೆ ಖಾಲಿ ಮಾಡಿದ.

ಇಲ್ಲಿಂದ ಶುರುವಾಯಿತು ಅನಾಹುತ. ಅವರ ಮನೆಗಳಲ್ಲಿ ತಟ್ಟೆಯಲ್ಲಿ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ. ನಮ್ಮ ಮನೆಗಳಲ್ಲಿ ತಟ್ಟೆ ಖಾಲಿ ಕಂಡರೆ ಬಡಿಸುವವರಿಗೆ ಅವಮಾನ. ಅವನು ಮರ್ಯಾದೆಗೆಂದು ಖಾಲಿ ಮಾಡಿದ. ಕಾಕು ಮರ್ಯಾದೆಗೆಂದು ತುಂಬಿಸಿದರು. "ಇನ್ನ ಸ್ವಲ್ಪ, ಇನ್ನ ಸ್ವಲ್ಪ." ಅವನು ಬೇಡ ಅಂದ. ನಮ್ಮಲ್ಲಿ ಬೇಡ ಅನ್ನುವುದು ಉಣ್ಣುವವರು ಆಡಲೇಬೇಕಾದ ಮಾತು, ಅದನ್ನು ಕೇಳಿ ಬಡಿಸುವ ಕೈ ನಿಲ್ಲುವುದಿಲ್ಲ. ಅವನು ಬೆವರುತ್ತಾ ಮತ್ತೆ ಖಾಲಿ ಮಾಡಿದ. ಕಾಕು ಮತ್ತೆ ತುಂಬಿಸಿದರು. ಕೊನೆಗೆ ನನಗೇ ಪಾಪ ಅನ್ನಿಸಿ, ಎರಡೂ ಕೈಯನ್ನು ತಟ್ಟೆಯ ಮೇಲೆ ಮುಚ್ಚಿ ಹಿಡಿದುಕೊಂಡು ಬಗ್ಗಬೇಕು ಅಂತ ಅವನಿಗೆ ತೋರಿಸಿಕೊಟ್ಟೆ. ಮುಚ್ಚಿದ. ಕಾಕು ಬೆರಳುಗಳ ಸಂದಿಯಲ್ಲಿ ಹುಗ್ಗಿ ಸುರಿದರು.

ಆಮೇಲೆ ಮೈದಾನಕ್ಕಿಳಿದ ಪ್ಲಂಬರ್‌ಗಳು ಓಡಲಾರದೆ ಹೊಟ್ಟೆ ಹಿಡಿದುಕೊಂಡು ನಡೆದರು. ಆದರೂ ನಾವು ಸೋತೆವು. ಅವರಿಗೆ ಬಡಿಸಿದವರು ನಮಗೆ ಬಡಿಸದೆ ಬಿಡುತ್ತಾರೆಯೇ?

ಆ ಸಂಜೆ ಬೋರ್ಡಿನ ಖಾಲಿ ಜಾಗದಲ್ಲಿ ಪ್ಲಂಬರ್ ಕ್ಯಾಪ್ಟನ್ ತನ್ನ ಕೈಯಾರೆ ಬರೆದ: ಕೆಂಟನ್ ಸ್ವಲ್ಪಾಸ್. ಆ ಮಾತಿಗೆ ಅರ್ಥವೇನು ಅಂತ ಅಂಪೈರ್ ಕೇಳಿದ. ಪ್ಲಂಬರ್ ತಾನು ಕಂಡದ್ದನ್ನೇ ಹೇಳಿದ.

"ಬೆಟ್ಟದಷ್ಟು, ಅಂತ ಅರ್ಥ."

ಕೇಳಿಸ್ತಿದ್ಯಾ?

ನಮ್ಮ ಪಿಚರ್, ಬೆಂಗಳೂರಿನ ಹುಡುಗ, ಒಳ್ಳೆಯವನು. ಆದರೆ ಅವನ ಆಫೀಸು ಭಾನುವಾರವೂ ಅವನ ಕಿವಿಯಲ್ಲೇ ಇರುತ್ತಿತ್ತು. ಒಂದು ದಿನ ನೈಟ್ ಬಸ್ಸಸ್ ಜೊತೆ ಪಂದ್ಯ. ಕೈ ಎತ್ತಿ, ಕಾಲೆತ್ತಿ, ಇನ್ನೇನು ಎಸೆಯಬೇಕು, ಅಷ್ಟರಲ್ಲಿ ಎಲ್ಲೋ ಯಾವುದೋ ಸರ್ವರ್ ಮಲಗಿಬಿಟ್ಟಿತು. ಎತ್ತಿದ ಕಾಲು ಇಳಿಸಿ, ಕಿವಿಯಲ್ಲಿದ್ದ ಇಯರ್‌ಫೋನ್ ಒತ್ತಿ, "ಎಲ್ಲರಿಗೂ ಕೇಳಿಸ್ತಿದ್ಯಾ?" ಅಂತ ಇಂಗ್ಲಿಷಿನಲ್ಲಿ ಜೋರಾಗಿ ಕೇಳಿದ. ಮೈದಾನದ ನಾಲ್ಕೂ ಕಡೆಯಿಂದ ಬಸ್ ಡ್ರೈವರ್‌ಗಳು ಕೇಳಿಸ್ತಿದೆ ಅಂತ ಕೂಗಿದರು. ಅವನು ಮಳೆಯಲ್ಲಿ ನಿಂತು ವಿವರಿಸತೊಡಗಿದ. ಸಮಸ್ಯೆ ಎಲ್ಲಿದೆ, ಯಾರ ತಪ್ಪು, ಯಾವಾಗ ಸರಿಯಾಗುತ್ತದೆ. ಬ್ಯಾಟ್ ಹಿಡಿದು ಕಾಯುತ್ತಿದ್ದ ಡ್ರೈವರ್ ಕೊನೆಗೆ ಸಂಕಟದಿಂದ ಕೇಳಿದ, "ತಪ್ಪು ನಮ್ಮದಲ್ಲ ತಾನೇ?"

ಆ ಹುಡುಗ ಮುಂದೆ ರೆಡಿಂಗ್‌ನಲ್ಲಿ ಮನೆ ಕೊಂಡು ಹೋದ. ಕಲಬುರಗಿಯವನಿಗೆ ಸೊಂಟ ಹಿಡಿಯಿತು. ಬೆಳಗಾವಿಯವನ ಬದಲಿಗೆ ಅವನ ಅಳಿಯ ಬರುತ್ತಿದ್ದ, ಅದೂ ಜುಲುಮೆಗೆ. ನನ್ನ ಮಗಳನ್ನು ಕರೆದರೆ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ, "ಡ್ಯಾಡ್, ಪ್ಲೀಸ್, ನೋ" ಅಂದು ಬಾಗಿಲು ಹಾಕಿಕೊಂಡಳು. ಒಂಬತ್ತು ಜನ ಇಲ್ಲದಿದ್ದರೆ ಪಂದ್ಯವಿಲ್ಲ. ಹಾಗೆ ಮತ್ತೆ ಮತ್ತೆ ಆದರೆ ತಂಡದ ಹೆಸರು ತೆಗೆದುಹಾಕುತ್ತಾರೆ, ಅದು ಲೀಗಿನ ನಿಯಮ. ಕಾಕಾ ಪ್ರತಿ ಶನಿವಾರ ಫೋನ್ ಹಿಡಿದು ಜನ ಕೂಡಿಸುತ್ತಿದ್ದರು. ಕಾಕು ಅವರ ಹಿಂದೆ ನಿಂತು, "ಎಣಗಾಯಿ ಮಾಡಾಕತ್ತೀನಿ ಅಂತ ಹೇಳ್ರಿ, ಬರ್ತಾರ" ಅನ್ನುತ್ತಿದ್ದರು. ಬರುತ್ತಿದ್ದೆವು ಕೂಡ.

ಸೋರುವ ನಲ್ಲಿ

ಹೋದ ಚಳಿಗಾಲದಲ್ಲಿ ಕಾಕು ಹೋದರು. ಕೆಮ್ಮು ಅಂತ ಜಿಪಿ ಡಾಕ್ಟರ್ ಹತ್ತಿರ ಹೋದವರು, ಆಸ್ಪತ್ರೆಗೆ ಹೋದರು, ವಾಪಸ್ ಬರಲಿಲ್ಲ. ಅಷ್ಟೇ. ಅದನ್ನು ತಮಾಷೆಯಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಆದರೆ ಕಾಕುವಿನ ಕೊನೆಯ ದಿನವೂ ನಮ್ಮ ತಂಡದ ದಿನವೇ ಆಯಿತು. ದಹನದ ದಿನ ಚಿತಾಗಾರಕ್ಕೆ ಲೀಗಿನ ತಂಡಗಳೆಲ್ಲ ಬಂದಿದ್ದವು. ಏನು ಹಾಕಿಕೊಂಡು ಬರಬೇಕು ಅಂತ ಅವರು ನನ್ನನ್ನು ಕೇಳಿದ್ದರು. ನಮ್ಮಲ್ಲಿ ಕಪ್ಪು ಬೇಕಿಲ್ಲ ಅಂದುಬಿಟ್ಟಿದ್ದೆ. ಹಾಗಾದರೆ ಕಾಕು ತಮ್ಮನ್ನು ಗುರುತಿಸುತ್ತಿದ್ದ ಬಟ್ಟೆಯಲ್ಲೇ ಹೋಗೋಣ ಅಂತ ಅವರೊಳಗೆ ಮಾತಾಯಿತಂತೆ. ಸಾಲಾಗಿ ಕೂತರು, ಎದೆಯ ಮೇಲೆ ಸೋರುವ ನಲ್ಲಿ, ರಾತ್ರಿ ಬಸ್ಸು, ಕೆಟ್ಟ ಮಂಡಿ. ಮಂತ್ರ ಹೇಳಲು ಬಂದಿದ್ದ ಭಟ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇವರೆಲ್ಲ ತೀರಿಕೊಂಡವರಿಗೆ ಏನಾಗಬೇಕು?" ಅಂತ ಕೇಳಿದರು. ಬೀಗರು ಅಂದೆ.

ಮಾತಾಡುವವರು ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಿದ್ದರು. ಎಲ್ಲರ ಮಾತೂ ನಡುವೆ ತಡವರಿಸಿ ನಿಲ್ಲುತ್ತಿತ್ತು. ಹಾಗೆ ನಿಂತಾಗಲೆಲ್ಲ ಪಕ್ಕದ ಟಾಯ್ಲೆಟ್ಟಿನಿಂದ ನಲ್ಲಿ ತೊಟ್ಟಿಕ್ಕುವ ಸದ್ದು. ಟಪ್, ಟಪ್. ಪ್ಲಂಬರ್ ಕ್ಯಾಪ್ಟನ್ ತಡೆದುಕೊಂಡ, ತಡೆದುಕೊಂಡ, ಆಮೇಲೆ ಬಗ್ಗಿಕೊಂಡು ಎದ್ದುಹೋದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತೋಳೆಲ್ಲ ನೆನೆದು ವಾಪಸ್ ಬಂದು ಕೂತು, ಕಣ್ಣೊರೆಸಿಕೊಂಡ. ಅವತ್ತು ಅಲ್ಲಿ ಏನಾದರೂ ಸರಿಹೋಗಿದ್ದರೆ ಅದು ಆ ನಲ್ಲಿ ಒಂದೇ.

ಕಾಕಾ ಮಾತ್ರ ಅಳಲಿಲ್ಲ. ಮನೆಗೆ ಬಂದವರಿಗೆಲ್ಲ, "ಚಹಾ ಕುಡೀತೀರೇನು?" ಅಂತ ಕೇಳುತ್ತಿದ್ದರು. ಚಹಾ ಮಾಡುವುದು ಅವರಿಗೆ ಬರುತ್ತಿರಲಿಲ್ಲ.

ಕಾಕಾ ಆಡಿದ ದಿನ

ಈ ವಸಂತದಲ್ಲಿ ಆಟ ಮತ್ತೆ ಶುರುವಾಯಿತು, ಊಟ ಶುರುವಾಗಲಿಲ್ಲ. ಎದುರು ತಂಡದವರು ಬಂದು, ಕಾಕುವಿನ ಊಟದ ಟೇಬಲ್ ಇರುತ್ತಿದ್ದ ಜಾಗವನ್ನು ನೋಡಿ, ನೋಡದವರಂತೆ ಮುಖ ತಿರುಗಿಸುತ್ತಿದ್ದರು. ಕಾಕಾ ತೆಳ್ಳಗಾಗಿದ್ದರು. ಕೋಟು ಅವರ ಮೇಲೆ ನೇತುಹಾಕಿದಂತಿತ್ತು. ಏನು ಉಂಡಿರಿ ಅಂತ ಕೇಳಿದರೆ, "ಆತು, ಆತು" ಅನ್ನುತ್ತಿದ್ದರು. ಮಗ ಮ್ಯಾಂಚೆಸ್ಟರಿನಿಂದ ಫೋನ್ ಮಾಡಿದರೂ ಅದೇ, "ಆತು." ಮೂಗು ಹಿಡಿದಾದರೂ ಉಣ್ಣಿಸೋಣ ಅಂತ ನನ್ನ ಹೆಂಡತಿ ಡಬ್ಬಿ ಕಳಿಸಿದರೆ, ಅದು ತೊಳೆದಿಟ್ಟು ವಾಪಸ್ ಬರುತ್ತಿತ್ತು. ಅವರ ಮನೆಯ ಹಿಂದಿನ ಹಿತ್ತಲಿನಲ್ಲಿ ಪಾರಿವಾಳಗಳು ದಪ್ಪಗಾಗುತ್ತಿದ್ದವು.

ಪ್ಲಂಬರ್‌ಗಳ ಜೊತೆ ಪಂದ್ಯವಿದ್ದ ಭಾನುವಾರ ನಾನು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಅದೇ ಬೂದು ಆಕಾಶ, ಅದೇ ಜಿಟಿಜಿಟಿ. ಕ್ವೀನ್ಸ್‌ಬರಿ ಸಿಗ್ನಲ್ಲಿನಲ್ಲಿ ಕಾಕಾ ಹೇಳಿದರು, "ಎಂಟ ಮಂದಿ ಆಗ್ಯಾರ. ಇನ್ನೊಬ್ಬ ಸಿಗಲಿಲ್ಲ. ಇವತ್ತ ಮುಗಿಸಿಬಿಡೂಣು. ಹೆಸರು ತಗೀರಿ ಅಂತ ಅಂಪೈರ್‌ಗ ನಾನ ಹೇಳ್ತೀನಿ."

"ಕಾಕಾ, ಮುಂದಿನ ವಾರ ನೋಡೋಣ."

"ಯಾರಿಗೆ ಬೇಕಾಗೇತಿ ಹೇಳು ಇದು? ಹೆಸರು ಅಕೀದಿತ್ತು. ಅಕಿ ಇಲ್ಲ."

ನನಗೆ ಹೆದರಿಕೆಯಾಯಿತು. ಭಾನುವಾರ ಒಂದು ಇಲ್ಲದಿದ್ದರೆ ಈ ಮನುಷ್ಯ ಬಾಗಿಲು ತೆರೆಯುವುದೇ ಇಲ್ಲ ಅಂತ ನನಗೆ ಗೊತ್ತಿತ್ತು. ಹಸಿರು ದೀಪ ಬಂದದ್ದು ಹಿಂದಿನವನು ಹಾರ್ನ್ ಹೊಡೆದಾಗಲೇ ತಿಳಿದದ್ದು.

ಮೈದಾನ ಮುಟ್ಟಿದ ಕೂಡಲೇ ಕಾಕಾ ಅಂಪೈರ್ ಹತ್ತಿರ ಹೋಗಿ, "ಆಮ್ಯಾಲ ನಿಮಗೊಂದು ಮಾತು ಹೇಳೂದೈತಿ, ನಮ್ಮ ತಂಡದ್ದು" ಅಂತ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಅವನು ಟೋಪಿ ತೆಗೆದು ತಲೆಯಾಡಿಸಿದ. ಅವನಿಗೆ ಅಂದಾಜಾಗಿತ್ತು ಅನ್ನಿಸುತ್ತದೆ.

ತಿರುಗಿ ನೋಡಿದರೆ, ಟೇಬಲ್ ಇರುತ್ತಿದ್ದ ಜಾಗದಲ್ಲಿ ಟೇಬಲ್ ಇತ್ತು. ಪ್ಲಂಬರ್‌ಗಳು ತಂದಿಟ್ಟಿದ್ದರು. ಮೇಲೆ ದೊಡ್ಡ ಟ್ರೇ ತುಂಬ ಮಕರೋನಿ, ಚೀಸ್ ಹಾಕಿ ಬೇಯಿಸಿದ್ದು. ಕ್ಯಾಪ್ಟನ್ನನ ಹೆಂಡತಿ ಮಾಡಿದ್ದಂತೆ, ಸಸ್ಯಾಹಾರ ಅಂತ ಕೇಳಿ ಕೇಳಿ ಖಾತ್ರಿ ಮಾಡಿಕೊಂಡು. ಮಳೆ ಬಿದ್ದು ಆರಿತ್ತು. ಕ್ಯಾಪ್ಟನ್ ಕಾಕಾರನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಪೈಪಿನ ಕೆಲಸದವನ ಕೈ, ಒಂದು ಸೌಟು ಹಾಕಿದರೆ ತಟ್ಟೆ ತುಂಬಿತು.

ಕಾಕಾ ಮರ್ಯಾದೆಗೆ ಎರಡು ತುತ್ತು ತಿಂದರು. ಆಮೇಲೆ ಯಾಕೋ ಮೂರನೆಯದೂ ಹೋಯಿತು. ನೋಡನೋಡುತ್ತಿದ್ದಂತೆ ತಟ್ಟೆಯಲ್ಲಿ ಜಾಗವಾಯಿತು. ಕ್ಯಾಪ್ಟನ್ ಸೌಟು ಎತ್ತಿದ.

"ಸ್ವಲ್ಪ," ಅಂದ.

"ಬ್ಯಾಡ, ಬ್ಯಾಡ. ಸಾಕು." ಕಾಕಾ ಎರಡೂ ಕೈ ಮುಚ್ಚಿ ತಟ್ಟೆಯ ಮೇಲೆ ಬಗ್ಗಿದರು. ಅವನು ಒಂದು ಕ್ಷಣ ನಿಂತ. ಆಮೇಲೆ ಅವರ ಕೈಗಳ ಮೇಲೆಯೇ ಮಕರೋನಿ ಸುರಿದ.

ಕಾಕಾ ಕುರ್ಚಿಯಿಂದ ಅರ್ಧ ಎದ್ದರು. "ಬ್ಯಾಡ ಅಂದೆ ಅಲ್ಲೋ ನಿನಗ!"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ಲಂಬರ್ ಶಾಂತವಾಗಿ ಹೇಳಿದ, "ನಾನೂ ಹೇಳುತ್ತಿದ್ದೆ. ಆಕೆ ಯಾವತ್ತಾದರೂ ಕೇಳಿದರೇ?"

ಕಾಕಾ ತಮ್ಮ ಕೈಗಳನ್ನು ನೋಡಿಕೊಂಡು ಕೂತರು. ಬೆರಳ ಸಂದಿಯಿಂದ ಹಳದಿ ಚೀಸು ಇಳಿಯುತ್ತಿತ್ತು. ಆಗ ಅತ್ತರು. ಚಳಿಗಾಲದಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತರು. ನಾವೆಲ್ಲ ಎಲ್ಲಿ ನೋಡಬೇಕೆಂದು ತಿಳಿಯದೆ ಮಕರೋನಿ ತಿಂದೆವು. ಅತ್ತಾದ ಮೇಲೆ ಅವರು ಕೈಯಲ್ಲಿದ್ದುದನ್ನು ಉಂಡರು, ತಟ್ಟೆಯಲ್ಲಿದ್ದುದನ್ನು ಉಂಡರು, ಮತ್ತೆ ಹಾಕಿದ್ದನ್ನೂ ಉಂಡರು.

ಅಂಪೈರ್ ಕೆಮ್ಮಿದ. "ನೀವು ಎಂಟೇ ಜನ."

"ಒಂಬತ್ತು," ಅಂದ ಪ್ಲಂಬರ್, ಕಾಕಾ ಕಡೆಗೆ ಸೌಟು ತೋರಿಸಿ.

ಕಾಕಾ ನನ್ನ ಮುಖ ನೋಡಿದರು. "ಅವರ ಮನೀದು ಉಂಡೀನಿ. ಇಲ್ಲ ಅನ್ನಾಕ ಹೆಂಗ ಬರ್ತೈತಿ?" ಕೋಟು ಕಳಚಿದರು.

ಕೊನೆಯವರಾಗಿ ಬ್ಯಾಟ್ ಹಿಡಿದರು. ಚೆಂಡು ತಾನಾಗಿ ಬಂದು ಬ್ಯಾಟಿಗೆ ತಗುಲಿ ಹುಲ್ಲಿನಲ್ಲಿ ಉರುಳಿತು. ಓಡ್ರಿ ಓಡ್ರಿ ಅಂತ ನಾವು ಕೂಗಿದೆವು. ಕಾಕಾ ಬ್ಯಾಟನ್ನು ಬಿಸಾಕಲಿಲ್ಲ, ಎದೆಗವಚಿಕೊಂಡು ಓಡಿದರು. ನಾಲ್ಕು ಹೆಜ್ಜೆ ಹೋಗಿ ಹೊಟ್ಟೆ ಹಿಡಿದುಕೊಂಡು ನಿಂತರು. ತೇಗಿದರು. ಮತ್ತೆ ನಡೆದರು. ಪ್ಲಂಬರ್ ಕ್ಯಾಪ್ಟನ್ ಆಗಲೇ ಚೆಂಡು ಹಿಡಿದು ಬೇಸಿನ ಮೇಲೆ ನಿಂತಿದ್ದ. ಕಾಯುತ್ತಿದ್ದ. ಕಾಕಾ ಹೋಗಿ, ಬ್ಯಾಟ್ ಉದ್ದಕ್ಕೆ ಚಾಚಿ ಬೇಸಿಗೆ ಮುಟ್ಟಿಸಿ, ತಲೆಯೆತ್ತಿದರು. ಅಂಪೈರ್ ಔಟ್ ಅಂದ.

ಕಾಕಾ ಕೆಂಡವಾದರು. "ಇದು ಮೋಸ! ಹೊಟ್ಟಿ ಬಿರಿಯಾಂಗ ಉಣ್ಣಿಸಿ, ಆಮ್ಯಾಲ ಓಡು ಅಂತೀರೇನು? ಹಿಂಗ ಗೆಲ್ಲೂದು ಒಂದು ಗೆಲ್ಲೂದೇನು?"

ನಾನು ಪದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಪ್ಲಂಬರ್ ಕೇಳಿ, ಸ್ವಲ್ಪ ಯೋಚಿಸಿ ಹೇಳಿದ, "ಇಷ್ಟು ವರ್ಷ ನೀವು ನಮಗೆ ಇದನ್ನೇ ಮಾಡಿದಿರಿ. ಆದರೂ ಸೋತಿರಿ."

ಕಾಕಾ ನಕ್ಕರು. ಬ್ಯಾಟ್ ಊರಿಕೊಂಡು, ಹೊಟ್ಟೆ ಹಿಡಿದುಕೊಂಡು, ನಗಬೇಡಪ್ಪಾ ನೋಯ್ತೈತಿ ಅಂತ ತಮಗೆ ತಾವೇ ಹೇಳಿಕೊಂಡು ನಕ್ಕರು. ಪಂದ್ಯ ಎಂದಿನಂತೆ ಮುಗಿಯಿತು. ಸೋತೆವು.

ಎಲ್ಲರೂ ಸಾಮಾನು ಕಟ್ಟುವಾಗ ಅಂಪೈರ್ ಟೋಪಿ ಕೈಯಲ್ಲಿ ಹಿಡಿದು ಬಂದ. ಪ್ಲಂಬರ್ ಪಕ್ಕದಲ್ಲೇ ಖಾಲಿ ಟ್ರೇ ಹಿಡಿದು ನಿಂತಿದ್ದ. "ತಂಡದ ಬಗ್ಗೆ ಏನೋ ಹೇಳಬೇಕು ಅಂದಿರಲ್ಲ," ಅಂತ ಅಂಪೈರ್ ಮೆಲ್ಲಗೆ ಕೇಳಿದ.

"ಹೌದು," ಅಂದರು ಕಾಕಾ. ಗಂಟಲು ಸರಿಮಾಡಿಕೊಂಡರು. ಪ್ಲಂಬರ್‌ನ ಕಡೆ ತಿರುಗಿದರು.

"ಮಕರೋನಿಗೆ ಉಪ್ಪು ಕಡಿಮಿ ಆಗೇತಿ. ಮುಂದಿನ ಐತವಾರ ಇನ್ನ ಸ್ವಲ್ಪ ಹಾಕಂತ ಹೇಳು, ನಿನ್ನ ಹೆಂಡ್ತಿಗೆ."